ಪಾಸ್ ಇದೆ, ಬಸ್ ಹತ್ತಲು ಆಗುವುದಿಲ್ಲ: ಸಾರಿಗೆ ನೆರವು ಟಿಕೆಟ್‌ಗೋ, ಮನುಷ್ಯರಿಗೋ?

ಮುಂಜಾವು (ಚರ್ಚೆ ಶುರು ಮಾಡಿದವರು)

ಎಲ್ಲರಿಗೂ ನಮಸ್ಕಾರ. ತುಂಬಾ ದಿನದಿಂದ ಮನಸ್ಸಿನಲ್ಲಿ ಕೊರೆಯುತ್ತಿರುವ ವಿಷಯ ಇದು. ನನ್ನ ತಮ್ಮ ವೀಲ್‌ಚೇರ್ ಬಳಸುತ್ತಾನೆ. ಬೆನ್ನುಹುರಿಗೆ ಪೆಟ್ಟಾಗಿ ಒಂಬತ್ತು ವರ್ಷ ಆಯಿತು. ಅವನ ಹತ್ತಿರ ಸರ್ಕಾರದ ರಿಯಾಯಿತಿ ಬಸ್ ಪಾಸ್ ಇದೆ. ಪ್ರತಿ ವರ್ಷ ಸಾಲಿನಲ್ಲಿ ನಿಂತು ರಿನ್ಯೂ ಮಾಡಿಸುತ್ತೇನೆ. ಈ ಒಂಬತ್ತು ವರ್ಷದಲ್ಲಿ ಆ ಪಾಸ್ ಹಿಡಿದು ಅವನು ಬಸ್ ಹತ್ತಿದ್ದು ಎರಡೇ ಸಲ. ಎರಡು ಸಲವೂ ಗೊತ್ತಿಲ್ಲದ ಇಬ್ಬರು ಅವನನ್ನು ಮೂಟೆ ಎತ್ತಿದ ಹಾಗೆ ಎತ್ತಿ ಕೂರಿಸಿದರು. ಅವರ ಮನಸ್ಸು ಒಳ್ಳೆಯದೇ. ಆದರೆ ಆ ದಿನ ಅವನ ಮುಖ ನೋಡಿದ ಮೇಲೆ ಮತ್ತೆ ಬಸ್ಸಿನ ಮಾತು ಎತ್ತಲು ನನಗೆ ಧೈರ್ಯ ಬರಲಿಲ್ಲ.

ಈಗ ಅವನಿಗೆ ಒಂದು ಕಚೇರಿಯಲ್ಲಿ ಲೆಕ್ಕ ಬರೆಯುವ ಕೆಲಸ ಇದೆ. ದಿನಾ ಟ್ಯಾಕ್ಸಿಯಲ್ಲೇ ಹೋಗಿ ಬರುತ್ತಾನೆ. ಸಂಬಳದ ಮೂರನೇ ಒಂದು ಭಾಗ ಅದಕ್ಕೇ ಹೋಗುತ್ತದೆ.

ಮೊನ್ನೆ ಯೋಚಿಸುತ್ತಾ ಕೂತಾಗ ಒಂದು ವಿಷಯ ಹೊಳೆಯಿತು. ನನ್ನ ತಮ್ಮನ ಪಾಸ್‌ನಿಂದ ಸರ್ಕಾರಕ್ಕೆ ಖರ್ಚೇ ಇಲ್ಲ. ಬಳಸದ ಪಾಸ್‌ಗೆ ಯಾರೂ ಹಣ ಕಟ್ಟಬೇಕಾಗಿಲ್ಲವಲ್ಲ. ಬಸ್ಸಿನ ಮೆಟ್ಟಿಲು ಎತ್ತರ ಆದಷ್ಟೂ ಯೋಜನೆ ಅಗ್ಗ ಆಗುತ್ತದೆ. ಆದರೂ ಫಲಾನುಭವಿಗಳ ಪಟ್ಟಿಯಲ್ಲಿ ಅವನ ಹೆಸರು ಇದ್ದೇ ಇರುತ್ತದೆ.

ನನ್ನ ಪ್ರಶ್ನೆ ಇಷ್ಟೇ. ನೆರವು ಟಿಕೆಟ್ ಮೇಲೆ ಕೊಡುವುದು ಸರಿಯೋ, ಅಥವಾ ಆ ವ್ಯಕ್ತಿಗೇ ಕೊಟ್ಟು, ಯಾವುದರಲ್ಲಿ ಹೋಗಬೇಕು ಅನ್ನುವುದನ್ನು ಅವರಿಗೇ ಬಿಡುವುದು ಸರಿಯೋ? ಬೇರೆ ಬೇರೆ ದೇಶಗಳಲ್ಲಿ ಇರುವವರೂ ಇಲ್ಲಿದ್ದೀರಿ. ನಿಮ್ಮಲ್ಲಿ ಹೇಗಿದೆ ಹೇಳಿ.

ಬಿಳಿಕೋಲು

ಅಕ್ಕ, ನಿಮ್ಮ ನೋವು ಅರ್ಥವಾಗುತ್ತದೆ. ಆದರೆ ಪಾಸ್ ಬೇಡ ಅನ್ನುವ ಕಡೆಗೆ ಮಾತು ಹೋಗದಿರಲಿ ಅಂತ ಮೊದಲೇ ಕೇಳಿಕೊಳ್ಳುತ್ತೇನೆ.

ನನಗೆ ಹುಟ್ಟಿನಿಂದ ದೃಷ್ಟಿ ಇಲ್ಲ. ಕಾಲು ಗಟ್ಟಿ ಇದೆ, ಮೆಟ್ಟಿಲು ನನಗೆ ತೊಂದರೆಯೇ ಅಲ್ಲ. ಕಾಲೇಜಿಗೆ ಹೋಗಿ ಬರಲು ದಿನಕ್ಕೆ ನಾಲ್ಕು ಬಸ್ ಬದಲಿಸುತ್ತಿದ್ದೆ. ಉಚಿತ ಪಾಸ್ ಇರದಿದ್ದರೆ ಮೊದಲ ವರ್ಷವೇ ಓದು ನಿಲ್ಲುತ್ತಿತ್ತು. ಇದನ್ನು ಸುಮ್ನೆ ಹೇಳುತ್ತಿಲ್ಲ. ಅಪ್ಪ ಹಾಗಂತ ಹೇಳಿಯೂ ಆಗಿತ್ತು. ಪಾಸ್ ಬಂದ ವಾರ ಮನೆಯಲ್ಲಿ ಆ ಮಾತು ನಿಂತಿತು.

ನನಗೆ ಕಷ್ಟ ಆಗುವುದು ಬೇರೆ ಕಡೆ. ಯಾವ ಬಸ್ ಬಂತು, ಯಾವ ನಿಲ್ದಾಣ ಬಂತು ಅಂತ ಯಾರೂ ಕೂಗಿ ಹೇಳುವುದಿಲ್ಲ. ಹಾಗಾಗಿ ಒಂದೇ ಉತ್ತರ ಎಲ್ಲರಿಗೂ ಆಗುವುದಿಲ್ಲ. ನಿಮ್ಮ ತಮ್ಮನಿಗೆ ಟ್ಯಾಕ್ಸಿಗೆ ನೆರವು ಬೇಕು. ನನಗೆ ಪಾಸ್ ಬೇಕು, ಜೊತೆಗೆ ಬಸ್ಸಿನೊಳಗೆ ಒಂದು ಧ್ವನಿ ಬೇಕು.

ಮುಂಜಾವು

ತಪ್ಪಾಯಿತು ಅಣ್ಣ, ಪಾಸ್ ಕಿತ್ತುಕೊಳ್ಳಿ ಅನ್ನುವ ಅರ್ಥದಲ್ಲಿ ಹೇಳಲಿಲ್ಲ. ಪಾಸ್ ಕೊಟ್ಟ ಮೇಲೆ ಕೆಲಸ ಮುಗಿಯಿತು ಅಂತ ಕೈ ತೊಳೆದುಕೊಳ್ಳುತ್ತಾರಲ್ಲ, ನನಗೆ ಅದರ ಬಗ್ಗೆ ಸಂಕಟ.

ಮಂಜಿನೂರು

ನಾನು ಇಂಗ್ಲೆಂಡಿನಲ್ಲಿದ್ದೇನೆ. ಇಲ್ಲಿ ಅಂಗವಿಕಲರಿಗೆ ಬಸ್ ಉಚಿತ. 2008ರ ಏಪ್ರಿಲ್‌ನಿಂದ ಇಂಗ್ಲೆಂಡಿನ ಯಾವ ಮೂಲೆಯಲ್ಲಾದರೂ ಆ ಪಾಸ್ ನಡೆಯುತ್ತದೆ. ಹೆಚ್ಚಿನ ಬಸ್ಸುಗಳ ನೆಲ ತಗ್ಗಿನಲ್ಲಿರುತ್ತದೆ, ರ್‍ಯಾಂಪ್ ಇರುತ್ತದೆ. ಕೇಳಲು ಚೆನ್ನಾಗಿದೆ ಅಲ್ವಾ? ಆದರೆ ವಾರದ ದಿನಗಳಲ್ಲಿ ಕಾನೂನು ಹೇಳುವ ಉಚಿತ ಪ್ರಯಾಣ ಶುರುವಾಗುವುದು ಬೆಳಿಗ್ಗೆ 9.30ಕ್ಕೆ. ರಾತ್ರಿ 11ರವರೆಗೆ ಇರುತ್ತದೆ. ಕೆಲಸಕ್ಕೆ ಒಂಬತ್ತಕ್ಕೆ ಹೋಗಬೇಕಾದವರು ಹಣ ಕೊಟ್ಟೇ ಹೋಗಬೇಕು. ಕೆಲವು ಸ್ಥಳೀಯ ಆಡಳಿತಗಳು ತಮ್ಮ ಖರ್ಚಿನಲ್ಲಿ ಬೆಳಗಿನ ಹೊತ್ತಿಗೂ ಕೊಡುತ್ತವೆ, ಉಳಿದವು ಕೊಡುವುದಿಲ್ಲ. ಅಂಗವೈಕಲ್ಯ ಇರುವವರು ಬೆಳಿಗ್ಗೆ ಕೆಲಸಕ್ಕೆ ಹೋಗುವವರೂ ಆಗಿರಬಹುದು ಅಂತ ಆ ನಿಯಮ ಬರೆದವರಿಗೆ ಹೊಳೆಯಲಿಲ್ಲವೇನೋ.

ಮುಂಜಾವು ಅವರು ಕೇಳಿದ್ದು, ವ್ಯಕ್ತಿಗೇ ನೆರವು ಕೊಡುವ ದಾರಿ. ಅದೂ ಇಲ್ಲಿದೆ. ಅದರ ಹಿಂದಿನ ಕಥೆ ತಿಳಿದುಕೊಳ್ಳಬೇಕಾದ್ದು. ಎರಡನೇ ಮಹಾಯುದ್ಧ ಮುಗಿದ ಮೇಲೆ ಇಲ್ಲಿನ ಸರ್ಕಾರ ಅಂಗವಿಕಲರಿಗೆ ಮೂರು ಚಕ್ರದ ಚಿಕ್ಕ ಗಾಡಿ ಕೊಡುತ್ತಿತ್ತು. ಇನ್ವಾಕಾರ್ ಅಂತ ಹೆಸರು, ತಿಳಿನೀಲಿ ಬಣ್ಣ. ಒಬ್ಬರಿಗೆ ಮಾತ್ರ ಸೀಟು. ಗಂಡನಿಗೆ ಗಾಡಿ ಸಿಕ್ಕರೆ ಹೆಂಡತಿ, ಮಕ್ಕಳು ಬೇರೆ ದಾರಿ ನೋಡಿಕೊಳ್ಳಬೇಕಿತ್ತು. ಗಾಳಿ ಜೋರಾದರೆ ಅಲುಗಾಡುತ್ತಿತ್ತು. ಬಳಸುತ್ತಿದ್ದವರೇ ಇದು ಅಪಾಯ ಅಂತ ವರ್ಷಗಟ್ಟಲೆ ಹೇಳಿದರು. 1976ರಲ್ಲಿ ಓಡಾಟದ ಭತ್ಯೆ ಶುರುವಾಯಿತು. 1977ರಲ್ಲಿ ಮೋಟಬಿಲಿಟಿ ಅನ್ನುವ ಸಂಸ್ಥೆ ಬಂತು. ಭತ್ಯೆಯನ್ನು ಆ ಸಂಸ್ಥೆಗೆ ಬಿಟ್ಟುಕೊಟ್ಟರೆ ಅದೇ ಬಾಡಿಗೆಯಾಗಿ ಮಾಮೂಲಿ ಕಾರು ಸಿಗುತ್ತದೆ. ಬೇಕಾದರೆ ಕೈಯಲ್ಲೇ ಬ್ರೇಕ್, ಆಕ್ಸಿಲರೇಟರ್ ಹಿಡಿಯುವ ಹಾಗೆ ಬದಲಾಯಿಸಿಕೊಡುತ್ತಾರೆ. ಇನ್ವಾಕಾರ್‌ಗಳನ್ನು ಕೊನೆಗೆ 2003ರಲ್ಲಿ ರಸ್ತೆಯಿಂದ ತೆಗೆದರು.

ಸರ್ಕಾರ ತಾನೇ ಆರಿಸಿದ ಗಾಡಿ ಹಂಚಿದಾಗ ಜನ ಅದರಲ್ಲಿ ಒಂಟಿಯಾದರು. ಭತ್ಯೆ ಕೈಗೆ ಬಂದಾಗ ಮನೆಯವರ ಜೊತೆ ಕೂತು ಹೋದರು. ನನ್ನ ಮಟ್ಟಿಗೆ ಈ ಚರ್ಚೆಯ ಉತ್ತರ ಅದರಲ್ಲಿದೆ.

ಕಿರುದಾರಿ

ಕಾರು ಓಡಿಸಲು ಆಗದವರಿಗೆ?

ಮಂಜಿನೂರು

ಮನೆಯವರೋ, ನೋಡಿಕೊಳ್ಳುವವರೋ ಓಡಿಸಬಹುದು. ಮಗುವಿನ ಹೆಸರಿನಲ್ಲಿ ಭತ್ಯೆ ಬಂದರೂ ಕಾರು ಸಿಗುತ್ತದೆ. ಕಾರೇ ಬೇಡ ಅನ್ನುವವರು ಭತ್ಯೆಯನ್ನು ಹಣವಾಗಿಯೇ ಇಟ್ಟುಕೊಂಡು ಟ್ಯಾಕ್ಸಿಗೆ ಕೊಡುತ್ತಾರೆ. ಕೆಲಸಕ್ಕೆ ಹೋಗಲು ಬಸ್ಸು ಬಳಸಲು ಆಗದಿದ್ದರೆ ‘ಆಕ್ಸೆಸ್ ಟು ವರ್ಕ್’ ಅನ್ನುವ ಯೋಜನೆ ಟ್ಯಾಕ್ಸಿ ಖರ್ಚಿಗೆ ನೆರವು ಕೊಡುತ್ತದೆ. ಮುಂಜಾವು ಅವರ ತಮ್ಮನಂಥವರಿಗೆ ಹೇಳಿ ಮಾಡಿಸಿದ್ದು ಅದು.

ಲೆಕ್ಕದಪುಸ್ತಕ

ನನ್ನದು ಸ್ವಲ್ಪ ಬೇರೆ ಅಭಿಪ್ರಾಯ. ದಯವಿಟ್ಟು ಬೇಸರ ಮಾಡಿಕೊಳ್ಳಬೇಡಿ.

ಕೈಗೆ ಹಣ ಕೊಟ್ಟರೆ ಅದು ಮನೆ ಖರ್ಚಿನಲ್ಲಿ ಕರಗುತ್ತದೆ. ನಾನು ಕಣ್ಣಾರೆ ನೋಡಿದ್ದೇನೆ. ನಮ್ಮ ಪರಿಚಯದ ಒಬ್ಬ ಹುಡುಗಿಗೆ ತಿಂಗಳಿಗೊಮ್ಮೆ ಸಹಾಯಧನ ಬರುತ್ತಿತ್ತು. ಆ ಹಣ ಯಾವತ್ತೂ ಅವಳ ಕೈ ಸೇರಲಿಲ್ಲ. ಮನೆಯವರು ಕೆಟ್ಟವರಲ್ಲ. ಬಾಡಿಗೆ, ಔಷಧಿ, ತಂಗಿಯ ಫೀಸು ಅಂತ ಒಂದಲ್ಲ ಒಂದು ಇರುತ್ತಿತ್ತು. ಅವಳು ಹೊರಗೆ ಹೋಗುವುದು ಯಾವಾಗಲೂ ಮುಂದಿನ ತಿಂಗಳಿಗೆ ಹೋಗುತ್ತಿತ್ತು. ಪಾಸ್ ಆಗಲಿ, ಟ್ಯಾಕ್ಸಿ ಕಾರ್ಡ್ ಆಗಲಿ, ಪ್ರಯಾಣಕ್ಕೆ ಮಾತ್ರ ಬಳಕೆಯಾಗುತ್ತದೆ. ಅದನ್ನು ಬೇಳೆ, ಬಾಡಿಗೆ ಮಾಡಲು ಬರುವುದಿಲ್ಲ. ಮನೆಯೊಳಗೆ ಮಾತು ನಡೆಯದವರಿಗೆ ಅದೇ ಒಂದು ಬಲ.

ಮುಂಜಾವು

ನೀವು ಹೇಳಿದ್ದು ಓದಿ ಸ್ವಲ್ಪ ಹೊತ್ತು ಸುಮ್ಮನೆ ಕೂತೆ. ನಮ್ಮ ಮನೆಯಲ್ಲೂ ಹಾಗೆ ಆಗುವುದಿಲ್ಲ ಅಂತ ಎದೆ ತಟ್ಟಿ ಹೇಳಲಾರೆ. ಹಣಕ್ಕಿಂತ ಪ್ರಯಾಣಕ್ಕೇ ಮೀಸಲಾದ ಕಾರ್ಡ್ ಒಳ್ಳೆಯದೇನೋ ಅನ್ನಿಸುತ್ತಿದೆ ಈಗ. ಅಂಥದ್ದು ಎಲ್ಲಾದರೂ ಇದೆಯಾ?

ತೆಂಕಣಗಾಳಿ

ಇದೆ. ನಾನಿರುವುದು ನ್ಯೂಜಿಲೆಂಡಿನಲ್ಲಿ. ಟೋಟಲ್ ಮೊಬಿಲಿಟಿ ಅಂತ ಹೆಸರು. ಅರ್ಹರಿಗೆ ಒಂದು ಕಾರ್ಡ್ ಕೊಡುತ್ತಾರೆ. ಟ್ಯಾಕ್ಸಿ ಇಳಿಯುವಾಗ ತೋರಿಸಿದರೆ ಅಲ್ಲೇ ಬಾಡಿಗೆ ಕಡಿತ ಆಗುತ್ತದೆ. ಮೊದಲು ಅರ್ಧ ಕಡಿತ ಇತ್ತು, 2022ರ ಏಪ್ರಿಲ್‌ನಲ್ಲಿ ಶೇ 75ಕ್ಕೆ ಏರಿಸಿದರು. ಒಂದು ಪ್ರಯಾಣಕ್ಕೆ ಇಂತಿಷ್ಟೇ ಅಂತ ಮಿತಿ ಇದೆ. ಆ ಮಿತಿ ಪ್ರದೇಶದಿಂದ ಪ್ರದೇಶಕ್ಕೆ ಬೇರೆ.

ಆಸ್ಟ್ರೇಲಿಯಾದ ನ್ಯೂ ಸೌತ್ ವೇಲ್ಸ್‌ನಲ್ಲೂ ಹೀಗೇ, ಟ್ಯಾಕ್ಸಿ ಬಾಡಿಗೆಯ ಅರ್ಧವನ್ನು ಸರ್ಕಾರ ಕಟ್ಟುತ್ತದೆ. ಅಲ್ಲೂ ಮಿತಿ ಇದೆ. ಆಸ್ಪತ್ರೆ ದೂರ ಇರುವವರಿಗೆ ಇಂಥ ಮಿತಿಯೇ ದೊಡ್ಡ ಏಟು. ದೂರ ಹೋದಷ್ಟೂ ಉಳಿದ ಹಣ ಪೂರ್ತಿ ನಮ್ಮ ತಲೆಯ ಮೇಲೆ.

ಇಲ್ಲಿ ನನಗೆ ತುಂಬಾ ಹಿಡಿಸಿದ್ದು ಎರಡು ಅಂಶ. ಮೊದಲನೆಯದು, ನಾವು ಪೂರ್ತಿ ಹಣ ಕೊಟ್ಟು, ರಸೀದಿ ಇಟ್ಟುಕೊಂಡು, ಅರ್ಜಿ ಹಾಕಿ, ಎರಡು ತಿಂಗಳು ಕಾಯಬೇಕಾಗಿಲ್ಲ. ಮೊದಲು ಕೊಟ್ಟು ಆಮೇಲೆ ವಾಪಸ್ ಪಡೆಯುವ ವ್ಯವಸ್ಥೆ ಇದ್ದರೆ, ಮೊದಲು ಕೊಡಲು ಹಣ ಇರುವವರು ಮಾತ್ರ ಅದರ ಲಾಭ ಪಡೆಯುತ್ತಾರೆ. ಎರಡನೆಯದು, ವೀಲ್‌ಚೇರ್ ಹತ್ತಿಸುವ ಯಂತ್ರ ಇರುವ ವ್ಯಾನ್‌ಗೆ ಪ್ರತಿ ಅಂಥ ಪ್ರಯಾಣಕ್ಕೂ ಹೆಚ್ಚುವರಿ ಹಣ ಕೊಡುತ್ತಾರೆ. ಯಾಕೆ ಅಂದರೆ ಹತ್ತಿಸಿ, ಬೆಲ್ಟ್ ಬಿಗಿದು, ಇಳಿಸುವುದಕ್ಕೆ ಚಾಲಕನಿಗೆ ಸಮಯ ಹಿಡಿಯುತ್ತದೆ. ಆ ಹೊತ್ತಿನಲ್ಲಿ ಅವನಿಗೆ ಇನ್ನೊಂದು ಬಾಡಿಗೆ ಸಿಗುತ್ತಿತ್ತು. ಆ ನಷ್ಟ ತುಂಬದಿದ್ದರೆ ಅವನು ಬರುವುದಿಲ್ಲ. ಅವನನ್ನು ದೂರಿ ಪ್ರಯೋಜನ ಇಲ್ಲ.

ಆದರೂ ಅಂಥ ವ್ಯಾನ್‌ಗಳು ಕಡಿಮೆ. ಬೆಳಿಗ್ಗೆ ಶಾಲೆ ಹೊತ್ತಿನಲ್ಲಿ ಒಂದೂ ಸಿಗುವುದಿಲ್ಲ. ನಾನು ಒಂದು ಸಲ ಅಮ್ಮನ ಡಯಾಲಿಸಿಸ್‌ಗೆ ಮೂರು ಕಡೆ ಫೋನ್ ಮಾಡಿ, ಮೂರೂ ಕಡೆ ಇಲ್ಲ ಅನ್ನಿಸಿಕೊಂಡೆ. ಕಾರ್ಡ್ ಕೈಯಲ್ಲೇ ಇತ್ತು. ಮುಂಜಾವು ಅವರ ಪಾಸ್‌ನ ಕಥೆಯೇ ನನ್ನ ಕಾರ್ಡ್‌ನ ಕಥೆಯೂ ಆಯಿತು ಆ ದಿನ.

ಹೆದ್ದಾರಿ

ಅಮೆರಿಕದಿಂದ ಬರೆಯುತ್ತಿದ್ದೇನೆ. ನನ್ನ ಮಗಳಿಗೆ ಸೆರೆಬ್ರಲ್ ಪಾಲ್ಸಿ, ಅಂದರೆ ಮಿದುಳಿನ ತೊಂದರೆಯಿಂದ ಕೈಕಾಲಿನ ಮೇಲೆ ಹಿಡಿತ ಕಡಿಮೆ. ಈಗ ಅವಳಿಗೆ ಇಪ್ಪತ್ತಮೂರು.

ಇಲ್ಲಿ 1990ರ ಅಂಗವಿಕಲರ ಹಕ್ಕಿನ ಕಾನೂನು ಇದನ್ನು ದಾನದ ಲೆಕ್ಕದಲ್ಲಿ ನೋಡಲಿಲ್ಲ. ಸಾರ್ವಜನಿಕರಿಗೆ ಬಸ್ ಓಡಿಸುತ್ತೀರಾ? ಹಾಗಾದರೆ ಆ ಬಸ್ ಬಳಸಲು ಆಗದವರಿಗೆ ಬೇರೆ ವಾಹನ ಕಳಿಸುವುದು ನಿಮ್ಮ ಕೆಲಸ ಅಂದಿತು. ಬಸ್ ಮಾರ್ಗದ ಎರಡೂ ಬದಿ ಮುಕ್ಕಾಲು ಮೈಲಿ, ಅಂದರೆ ಸುಮಾರು 1.2 ಕಿಲೋಮೀಟರ್ ಒಳಗೆ ಈ ಸೇವೆ ಕೊಡಲೇಬೇಕು. ಬಸ್ಸಿನ ಟಿಕೆಟ್‌ನ ಎರಡು ಪಟ್ಟಿಗಿಂತ ಜಾಸ್ತಿ ತೆಗೆದುಕೊಳ್ಳುವ ಹಾಗಿಲ್ಲ. ಸಹಾಯಕ್ಕೆ ಬರುವವರಿಗೆ ಟಿಕೆಟ್ ಇಲ್ಲ. ಈ ಸೇವೆಗೆ ಪ್ಯಾರಾಟ್ರಾನ್ಸಿಟ್ ಅಂತಾರೆ.

ಕೊರತೆ ಇಲ್ಲವೇ? ಬೇಕಾದಷ್ಟಿದೆ. ಹಿಂದಿನ ದಿನವೇ ಬುಕ್ ಮಾಡಬೇಕು. ಕೇಳಿದ ಹೊತ್ತಿಗೆ ಒಂದು ಗಂಟೆ ಹಿಂದೆ ಮುಂದೆ ಮಾಡುವ ಅವಕಾಶ ಅವರಿಗೆ ಇದೆ. ದಾರಿಯಲ್ಲಿ ಇನ್ನೂ ನಾಲ್ಕು ಜನರನ್ನು ಹತ್ತಿಸಿಕೊಂಡು ಹೋಗುತ್ತಾರೆ. ಇಪ್ಪತ್ತು ನಿಮಿಷದ ದಾರಿಗೆ ಮಗಳು ಒಂದೂವರೆ ಗಂಟೆ ಕೂತಿದ್ದಾಳೆ. ಬಸ್ ಮಾರ್ಗದಿಂದ ಮುಕ್ಕಾಲು ಮೈಲಿ ದಾಟಿ ಮನೆ ಇದ್ದರೆ ಆ ಹಕ್ಕೂ ಇಲ್ಲ. ನಾವು ಮನೆ ಹುಡುಕುವಾಗ ನಕ್ಷೆಯಲ್ಲಿ ಬಸ್ ಮಾರ್ಗಕ್ಕೆ ಗೆರೆ ಎಳೆದುಕೊಂಡು, ಆ ಗೆರೆಯ ಆಚೀಚೆ ಮಾತ್ರ ಹುಡುಕಿದೆವು.

ಇದು ಸುಮ್ನೆ ಸಿಕ್ಕಿದ್ದಲ್ಲ. 1978ರ ಜುಲೈನಲ್ಲಿ ಡೆನ್ವರ್ ನಗರದಲ್ಲಿ 19 ಜನ ಬಸ್ಸುಗಳ ದಾರಿಗೆ ಅಡ್ಡವಾಗಿ ಕೂತರು. ರಾತ್ರಿ ಇಡೀ ರಸ್ತೆಯಲ್ಲೇ ಇದ್ದರು. ಬಸ್ಸಿಗೆ ಲಿಫ್ಟ್ ಹಾಕಿ ಅನ್ನುವುದು ಬೇಡಿಕೆ. ಟಿಕೆಟ್ ಕಡಿಮೆ ಮಾಡಿ ಅಂತ ಅವರು ಕೂತಿರಲಿಲ್ಲ. ಹತ್ತಲೇ ಆಗದ ಬಸ್ಸಿಗೆ ಟಿಕೆಟ್ ಎಷ್ಟಿದ್ದರೇನು?

ಬಿಳಿಕೋಲು

ಹೆದ್ದಾರಿ ಅವರೇ, ಆ 19 ಜನರ ವಿಷಯ ನನಗೆ ಗೊತ್ತಿರಲಿಲ್ಲ. ಹಂಚಿಕೊಂಡಿದ್ದಕ್ಕೆ ಧನ್ಯವಾದ.

ಜೊತೆಗಾತಿ

ಯಾರೂ ನನ್ನಂಥವರ ಬಗ್ಗೆ ಇನ್ನೂ ಮಾತಾಡಿಲ್ಲ. ನಾನು ಗಂಡನ ಜೊತೆಗೆ ಹೋಗುವವಳು. ಅವರಿಗೆ ಪಾರ್ಶ್ವವಾಯು ಆಗಿದೆ. ಅವರ ಟಿಕೆಟ್ ಅರ್ಧ ಆಗುತ್ತದೆ, ನನ್ನದು ಪೂರ್ತಿ. ನಾನಿಲ್ಲದೆ ಅವರು ಒಂದು ಹೆಜ್ಜೆ ಹೋಗಲಾರರು. ಒಬ್ಬರ ಪ್ರಯಾಣಕ್ಕೆ ಒಂದೂವರೆ ಟಿಕೆಟ್. ಇದು ರಿಯಾಯಿತಿಯೋ, ದಂಡವೋ?

ಕಾಯ್ದೆಕಟ್ಟಳೆ

ಜೊತೆಗಾತಿ ಮೇಡಂ, ಈ ಮಾತನ್ನು ಕೆನಡಾದಲ್ಲಿ ಒಂದು ತೀರ್ಪೇ ಒಪ್ಪಿಕೊಂಡಿದೆ. ಅಲ್ಲಿನ ಸಾರಿಗೆ ಪ್ರಾಧಿಕಾರ 2008ರ ಜನವರಿಯಲ್ಲಿ ‘ಒಬ್ಬ ವ್ಯಕ್ತಿ, ಒಂದು ಟಿಕೆಟ್’ ಅಂತ ಆದೇಶ ಕೊಟ್ಟಿತು. ದೇಶದೊಳಗಿನ ವಿಮಾನದಲ್ಲಿ ಸಹಾಯಕರಿಲ್ಲದೆ ಹೋಗಲು ಆಗದವರು ಇದ್ದರೆ ಸಹಾಯಕರ ಸೀಟಿಗೆ ಬೇರೆ ಹಣ ಕೇಳಬಾರದು. ಅಂಗವೈಕಲ್ಯದ ಕಾರಣಕ್ಕೆ ಎರಡು ಸೀಟು ಬೇಕಾದರೂ ಹಾಗೇ. ವಿಮಾನ ಕಂಪನಿಗಳು ಮೇಲಿನ ಕೋರ್ಟಿಗೆ ಹೋದವು. ಸುಪ್ರೀಂ ಕೋರ್ಟ್ ಕೇಳಲು ಒಪ್ಪಲಿಲ್ಲ. 2009ರ ಜನವರಿಯಿಂದ ಜಾರಿಗೆ ಬಂತು. ಜರ್ಮನಿಯಲ್ಲಿ ಅಂಗವೈಕಲ್ಯದ ಗುರುತಿನ ಚೀಟಿಯ ಮೇಲೆ ‘ಬಿ’ ಅಂತ ಅಕ್ಷರ ಇದ್ದರೆ ಜೊತೆಗೆ ಬರುವವರಿಗೆ ಬಸ್, ರೈಲು ಉಚಿತ.

ಭಾರತದ ರೈಲಿನಲ್ಲೂ ಜೊತೆಗಾರರಿಗೆ ರಿಯಾಯಿತಿ ಇದೆ. ಪೂರ್ತಿ ದೃಷ್ಟಿ ಇಲ್ಲದವರು, ಬುದ್ಧಿಮಾಂದ್ಯತೆ ಇರುವವರು, ಇನ್ನೊಬ್ಬರ ಸಹಾಯ ಇಲ್ಲದೆ ಹೋಗಲಾಗದ ದೈಹಿಕ ಅಂಗವೈಕಲ್ಯ ಇರುವವರು, ಇವರಿಗೆ ಸ್ಲೀಪರ್‌ನಲ್ಲೂ ಮೂರನೇ ದರ್ಜೆ ಎಸಿಯಲ್ಲೂ ಶೇ 75, ಎರಡನೇ ದರ್ಜೆ ಎಸಿಯಲ್ಲಿ ಶೇ 50. ಜೊತೆಗೆ ಬರುವ ಒಬ್ಬರಿಗೂ ಅಷ್ಟೇ. ಮಾತು, ಕಿವಿ ಎರಡೂ ಪೂರ್ತಿ ಇಲ್ಲದವರಿಗೆ ಸ್ಲೀಪರ್‌ನಲ್ಲಿ ಶೇ 50. ಅಂಗವೈಕಲ್ಯದ ಲೆಕ್ಕದಲ್ಲಿ ರೈಲು ಗುರುತಿಸುವುದು ಈ ನಾಲ್ಕೇ ವರ್ಗ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ 21 ಬಗೆಯ ಅಂಗವೈಕಲ್ಯ ಪಟ್ಟಿ ಮಾಡಿದೆ. 21ಕ್ಕೂ 4ಕ್ಕೂ ನಡುವೆ ಎಷ್ಟು ಜನ ಉಳಿದುಹೋದರು ಯೋಚಿಸಿ. ಕಿವಿ ಮಾತ್ರ ಕೇಳದವರು ಕೂಡ ಹೊರಗೇ.

ಅದೇ ಕಾಯ್ದೆಯ 41ನೇ ಸೆಕ್ಷನ್ ಓದಿ. ಕೈಗೆಟಕುವ ಖರ್ಚಿನಲ್ಲಿ ಓಡಾಟ ಸಾಧ್ಯವಾಗಲು ಸರ್ಕಾರ ಯೋಜನೆ ಮಾಡಬೇಕು ಅನ್ನುತ್ತದೆ. ರಿಯಾಯಿತಿ ಅನ್ನುವುದು ಅದರಲ್ಲಿ ಒಂದು ಭಾಗ ಮಾತ್ರ. ವಾಹನಗಳನ್ನು ಮಾರ್ಪಡಿಸುವುದು, ಓಡಾಟಕ್ಕೆ ವೈಯಕ್ತಿಕ ಸಹಾಯ, ಇವೂ ಅಲ್ಲೇ ಬರೆದಿವೆ. ಮುಂಜಾವು ಅವರು ಕೇಳುತ್ತಿರುವುದು ಕಾನೂನಿನಲ್ಲಿ ಇರುವುದನ್ನೇ.

ಕಿರುದಾರಿ

ನನಗೆ ಮೂರ್ಛೆ ರೋಗ ಇದೆ. ನೋಡಿದವರಿಗೆ ಏನೂ ಗೊತ್ತಾಗುವುದಿಲ್ಲ. ಡ್ರೈವಿಂಗ್ ಲೈಸೆನ್ಸ್ ಸಿಗುವುದಿಲ್ಲ, ಸೈಕಲ್ ಕೂಡ ಬೇಡ ಅಂದಿದ್ದಾರೆ ಡಾಕ್ಟರ್. ಬಸ್ಸೇ ಗತಿ. ಆದರೆ ಸರ್ಟಿಫಿಕೇಟ್‌ನಲ್ಲಿ ಬರೆಯುವ ಅಂಗವೈಕಲ್ಯದ ಶೇಕಡಾವಾರು ಲೆಕ್ಕದಲ್ಲಿ ನಾನು ಎಲ್ಲಿಯೂ ಬರುವುದಿಲ್ಲ. ಒಂದು ಕಚೇರಿಯಲ್ಲಿ ಅರ್ಜಿ ಕೊಡಲು ಹೋದಾಗ ನನ್ನನ್ನು ಮೇಲಿನಿಂದ ಕೆಳಗೆ ನೋಡಿ, ಚೆನ್ನಾಗೇ ಇದ್ದೀಯಲ್ಲಮ್ಮ ಅಂದರು. ನಾನು ಅರ್ಜಿ ಮಡಚಿಕೊಂಡು ಬಂದೆ.

ಮಂಜಿನೂರು

ಕಿರುದಾರಿ, ನಿಮಗೆ ಹಾಗೆ ಹೇಳಬಾರದಿತ್ತು. ಇಲ್ಲಿ ಬಸ್ ಪಾಸ್‌ಗೆ ಒಂದು ನಿಯಮ ಇದೆ. ದೇಹಸ್ಥಿತಿಯ ಕಾರಣಕ್ಕೆ ಡ್ರೈವಿಂಗ್ ಲೈಸೆನ್ಸ್ ನಿರಾಕರಿಸುವ ಹಾಗಿದ್ದರೆ ಅದೇ ಸಾಕು, ಪಾಸ್ ಸಿಗುತ್ತದೆ. ಮೂರ್ಛೆ ರೋಗದವರು ಹೀಗೆ ಪಡೆಯುತ್ತಾರೆ. ಶೇಕಡಾ ಎಷ್ಟು ಅಂತ ಯಾರೂ ಕೇಳುವುದಿಲ್ಲ.

ಕಾಯ್ದೆಕಟ್ಟಳೆ

ಕಣ್ಣಿಗೆ ಕಾಣದ ಅಂಗವೈಕಲ್ಯಕ್ಕೆ ಎಲ್ಲ ಕಡೆಯೂ ತಡವಾಗಿಯೇ ಬಾಗಿಲು ತೆರೆದಿದೆ. ಜಪಾನಿನ ಜೆ.ಆರ್. ಕಂಪನಿಗಳ ರೈಲುಗಳು ದೈಹಿಕ ಅಂಗವೈಕಲ್ಯಕ್ಕೆ ಎಷ್ಟೋ ದಶಕದಿಂದ ಅರ್ಧ ದರ ಕೊಡುತ್ತಿವೆ. ಮಾನಸಿಕ ಅಂಗವೈಕಲ್ಯ ಇರುವವರಿಗೆ ಶುರುವಾಗಿದ್ದು 2025ರ ಏಪ್ರಿಲ್‌ನಲ್ಲಿ. ಅದರಲ್ಲೂ ಒಬ್ಬರೇ ಹೋಗುವುದಾದರೆ 100 ಕಿಲೋಮೀಟರ್ ಮೀರಿದ ದಾರಿಗೆ ಮಾತ್ರ ರಿಯಾಯಿತಿ. ದಿನನಿತ್ಯದ ಓಡಾಟ ಅಷ್ಟು ದೂರ ಯಾರಿಗಿರುತ್ತದೆ?

ನನಗೆ ಸರಿ ಅನ್ನಿಸಿದ್ದು ಸ್ವೀಡನ್ನಿನ ಕಾನೂನು. 1998ರಿಂದ ಜಾರಿಯಲ್ಲಿದೆ. ಅಲ್ಲಿ ಕೇಳುವುದು ಒಂದೇ: ತಾತ್ಕಾಲಿಕವಲ್ಲದ ಅಂಗವೈಕಲ್ಯದಿಂದ ಈ ವ್ಯಕ್ತಿಗೆ ತಾನಾಗಿ ಓಡಾಡಲು ಅಥವಾ ಸಾರ್ವಜನಿಕ ಸಾರಿಗೆ ಬಳಸಲು ತುಂಬಾ ಕಷ್ಟ ಆಗುತ್ತಿದೆಯೇ? ಹೌದು ಅಂತಾದರೆ ಟ್ಯಾಕ್ಸಿಯೋ, ವ್ಯಾನೋ ಒದಗಿಸುವುದು ಅಲ್ಲಿನ ಸ್ಥಳೀಯ ಆಡಳಿತದ ಹೊಣೆ. ದೇಹವನ್ನು ಅಳೆಯುವುದಕ್ಕಿಂತ ದಾರಿಯನ್ನು ಅಳೆಯುವುದು ಒಳ್ಳೆಯದಲ್ಲವೇ? ಒಬ್ಬರೇ ವ್ಯಕ್ತಿ ತಗ್ಗು ನೆಲದ ಬಸ್ಸಿರುವ ಕಡೆ ಓಡಾಡಬಲ್ಲರು, ಮೂರು ಮೆಟ್ಟಿಲಿನ ಬಸ್ಸಿರುವ ಕಡೆ ಆಗುವುದಿಲ್ಲ. ಸರ್ಟಿಫಿಕೇಟ್‌ನಲ್ಲಿ ಎರಡು ಕಡೆಯೂ ಅದೇ ಶೇಕಡಾ.

ಹೊಲದಂಚು

ಎಲ್ಲ ಟ್ಯಾಕ್ಸಿ ಟ್ಯಾಕ್ಸಿ ಅನ್ನುತ್ತಿದ್ದೀರಿ. ಟ್ಯಾಕ್ಸಿಯೇ ಬರದ ಹಳ್ಳಿಗಳಿಗೆ ಕಾರ್ಡ್ ಕೊಟ್ಟು ಏನು ಮಾಡುವುದು? ಅಂಥ ಕಡೆ ಶೇ 75 ರಿಯಾಯಿತಿಯೂ ಸೊನ್ನೆ, ಶೇ 100 ಕೂಡ ಸೊನ್ನೆ. ಅಲ್ಲಿ ಜನ ಪಕ್ಕದ ಮನೆಯವರ ಗಾಡಿಯಲ್ಲೇ ಹೋಗುವುದು. ಆ ಪಕ್ಕದ ಮನೆಯವರಿಗೆ ಕಿಲೋಮೀಟರ್ ಲೆಕ್ಕದಲ್ಲಿ ಇಂಧನದ ಹಣ ಕೊಡಲಿ. ಆಗ ಕರೆದುಕೊಂಡು ಹೋಗುವವರಿಗೂ ಭಾರ ಅಲ್ಲ, ಕೇಳುವವರಿಗೂ ಸಂಕೋಚ ಇಲ್ಲ. ನನ್ನ ಅಜ್ಜಿ ಆಸ್ಪತ್ರೆಗೆ ಹೋಗುವುದನ್ನು ಎಷ್ಟೋ ಸಲ ಮುಂದೂಡಿದ್ದು ನೋವು ಕಡಿಮೆ ಆಯಿತು ಅಂತಲ್ಲ. ಮತ್ತೆ ಮತ್ತೆ ಅದೇ ಮನೆ ಬಾಗಿಲು ತಟ್ಟಲು ಆಗದೆ.

ಲೆಕ್ಕದಪುಸ್ತಕ

ಹೊಲದಂಚು ಅವರೇ, ಇದು ನನಗೆ ಹೊಳೆದೇ ಇರಲಿಲ್ಲ. ಹಣ ಕೈಗೆ ಕೊಡಬೇಡಿ ಅಂತ ಮೇಲೆ ಬರೆದೆ. ಆದರೆ ಇಂಥ ಕಡೆ ಹಣವಾಗಿಯೇ ಕೊಡಬೇಕಾಗುತ್ತದೆ. ಕೊಡುವುದು ಓಡಾಟ ಆದ ಮೇಲೆ, ನೇರವಾಗಿ ಕರೆದುಕೊಂಡು ಹೋದವರಿಗೆ. ಆಗ ಮನೆ ಖರ್ಚಿನಲ್ಲಿ ಕರಗುವ ಭಯವೂ ಇಲ್ಲ.

ಮುಂಜಾವು

ನಿನ್ನೆ ರಾತ್ರಿ ಇಡೀ ಚರ್ಚೆಯನ್ನು ತಮ್ಮನಿಗೆ ಓದಿ ಹೇಳಿದೆ. ನಾವಿಬ್ಬರೂ ಸೇರಿ ಒಂದು ಮನವಿ ಬರೆಯಲು ಕೂತಿದ್ದೇವೆ. ಈಗ ಅದರಲ್ಲಿ ಇರುವುದು ಹೀಗಿದೆ. ಪಾಸ್ ಈಗಿರುವ ಹಾಗೇ ಮುಂದುವರಿಯಲಿ, ಬೆಳಗಿನ ಹೊತ್ತಿಗೂ ನಡೆಯಲಿ. ಬಸ್ ಹತ್ತಲು ಆಗದವರಿಗೆ ಪಾಸ್ ಬದಲು ಟ್ಯಾಕ್ಸಿ ಕಾರ್ಡ್ ಆರಿಸಿಕೊಳ್ಳುವ ಅವಕಾಶ ಇರಲಿ, ಬಾಡಿಗೆ ಅಲ್ಲೇ ಕಡಿತ ಆಗಲಿ. ಜೊತೆಗೆ ಬರುವವರಿಗೆ ಟಿಕೆಟ್ ಬೇಡ. ಟ್ಯಾಕ್ಸಿ ಇಲ್ಲದ ಕಡೆ ಕರೆದುಕೊಂಡು ಹೋದವರಿಗೆ ಇಂಧನದ ಹಣ. ಅರ್ಹತೆಗೆ ಶೇಕಡಾ ಒಂದನ್ನೇ ನೋಡದೆ, ಓಡಾಟಕ್ಕೆ ಏನು ತಡೆ ಇದೆ ಅಂತ ಕೇಳಲಿ. ಬಿಳಿಕೋಲು ಅಣ್ಣ ಹೇಳಿದ ನಿಲ್ದಾಣದ ಧ್ವನಿಯನ್ನೂ ಸೇರಿಸಿದ್ದೇವೆ.

ಪ್ರತಿ ವರ್ಷ ಎಷ್ಟು ಪಾಸ್ ಕೊಟ್ಟರು ಅನ್ನುವುದರ ಜೊತೆ ಎಷ್ಟು ಪ್ರಯಾಣ ಆಯಿತು ಅನ್ನುವುದನ್ನೂ ಪ್ರಕಟಿಸಲಿ ಅಂತ ನಾನು ಸೇರಿಸಿದೆ. ಅದು ಗೊತ್ತಾದರೆ ಎಷ್ಟು ಪಾಸ್ ಬಳಕೆಯಾಗದೆ ಬಿದ್ದಿವೆ ಅನ್ನುವುದು ಎಲ್ಲರಿಗೂ ಕಾಣುತ್ತದೆ.

ಕೊನೆಗೆ ತಮ್ಮ ತಾನೇ ಒಂದು ಸಾಲು ಬರೆದ. “ಎಲ್ಲಿಗೆ, ಯಾಕೆ ಹೋಗುತ್ತೀರಿ ಅಂತ ಕೇಳಬಾರದು.” ಆಸ್ಪತ್ರೆಗೆ ಅಂದರೆ ಎಲ್ಲರೂ ಒಪ್ಪುತ್ತಾರೆ, ಕೆಲಸಕ್ಕೆ ಅಂದರೂ ಒಪ್ಪುತ್ತಾರೆ, ಗೆಳೆಯನ ಮನೆಗೆ ಅಂದರೆ ಮುಖ ನೋಡುತ್ತಾರೆ ಅಂದ. ಇಂಥ ನಿಯಮ ಎಲ್ಲಾದರೂ ಇದೆಯಾ?

ಹೆದ್ದಾರಿ

ಇದೆ. ಇಲ್ಲಿನ ಪ್ಯಾರಾಟ್ರಾನ್ಸಿಟ್ ನಿಯಮದಲ್ಲೇ ಇದೆ. ಪ್ರಯಾಣದ ಉದ್ದೇಶ ನೋಡಿ ಒಬ್ಬರಿಗೆ ಮೊದಲು, ಇನ್ನೊಬ್ಬರಿಗೆ ಆಮೇಲೆ ಅನ್ನುವ ಹಾಗಿಲ್ಲ. ಮಗಳು ಶುಕ್ರವಾರ ಸಂಜೆ ಸ್ನೇಹಿತೆಯರ ಜೊತೆ ಹಾಡು ಕೇಳಲು ಹೋಗುತ್ತಾಳೆ, ಅದೇ ವ್ಯಾನಿನಲ್ಲಿ. ಅಂಗವಿಕಲರ ಹಕ್ಕುಗಳ ಬಗ್ಗೆ ವಿಶ್ವಸಂಸ್ಥೆ 2006ರಲ್ಲಿ ಮಾಡಿದ ಒಡಂಬಡಿಕೆಯ 20ನೇ ವಿಧಿ ಕೂಡ ಓಡಾಟ ಅವರು ಬಯಸಿದ ರೀತಿಯಲ್ಲಿ, ಬಯಸಿದ ಹೊತ್ತಿನಲ್ಲಿ ಇರಬೇಕು ಅನ್ನುತ್ತದೆ. ತಮ್ಮನ ಸಾಲು ಹಾಗೇ ಇರಲಿ. ಅದನ್ನು ಮನವಿಯ ಮೊದಲಿಗೆ ಹಾಕಿ.

ಮುಂಜಾವು

ಮೊದಲಿಗೇ ಹಾಕಿದೆವು.